ಮೊದಲ ಗುದ್ದಲಿ

ಎಲ್ಲಾದರೂ ಪ್ರವಾಹ ಬಂದು ಊರು ಕೊಚ್ಚಿಹೋದರೆ, ಬಿಸಿಲಿಗೆ ಜನ ಸತ್ತರೆ, ಅದರಲ್ಲಿ ಮನುಷ್ಯನ ಕೈ ಎಷ್ಟು, ಪ್ರಕೃತಿಯ ಕೈ ಎಷ್ಟು ಎಂದು ಲೆಕ್ಕ ಹಾಕಿ ಹೇಳುವುದು ನಮ್ಮಕ್ಕ ಲತಾಮಣಿಯ ಕೆಲಸ. ಪುಣೆಯ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಒಂದು ಮಳೆಯ ಹಿಂದೆ ಯಾರಿದ್ದಾರೆ ಎಂದು ಹೇಳಲು ಅವಳಿಗೆ ಎಷ್ಟೋ ಸಲ ವರ್ಷಗಳೇ ಬೇಕಾಗುತ್ತವೆ. ನಮ್ಮೂರಿನವರಿಗೆ ಒಂದು ಸಂಜೆ ಸಾಕಾಯಿತು. ಅರಳಿಕಟ್ಟೆಯ ಮೇಲೆ ಕೂತು, ಬೀಡಿ ಸೇದಿ, ಮಳೆ ಬಾರದಿರುವುದಕ್ಕೆ ನಮ್ಮವ್ವನೇ ಕಾರಣ ಎಂದು ತೀರ್ಮಾನ ಮಾಡಿ ಎದ್ದರು. ಅವ್ವ ಆಗ ಸತ್ತು ಮಣ್ಣಿನಲ್ಲಿ ಮಲಗಿದ್ದಳು.

ಊರಿನ ಹೆಸರು ಹೇಳುವುದಿಲ್ಲ. ಹಳೇಬೀಡಿನಿಂದ ಮಾದಿಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಳಗೆ ನಡೆಯಬೇಕು, ಅಷ್ಟು ಸಾಕು. ಅಲ್ಲಿಯ ಜನ ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ "ಚೆನ್ನಾಗಿದ್ದೀರಾ ಮೇಷ್ಟ್ರೇ" ಅನ್ನುತ್ತಾರೆ. ಚೆನ್ನಾಗಿದ್ದೀನಿ ಅನ್ನುತ್ತೇನೆ. ನನ್ನ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಏಳದಂತೆ ಮಾಡಿದವರೇ ಹಾಗೆ ಕೇಳುವಾಗ ಬೇರೇನು ಹೇಳುವುದು. ನಾನು ಧರ್ಮೇಶ, ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಒಂದೇ ಕೈಯಲ್ಲಿ ಕವಾಯತು ಹೇಳಿಕೊಡುವ ಪಿ.ಟಿ. ಮೇಷ್ಟ್ರನ್ನು ನೋಡಿ ಮಕ್ಕಳು ನಗುತ್ತಾರೆ. ನಗಲಿ.

ಅವ್ವನ ಹೆಸರು ಗಿಡ್ಡಮ್ಮ. ನಾನು ಹುಟ್ಟಿದ ಮೇಲೆ ಅವಳ ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡಿತಂತೆ. ಆಮೇಲೆ ಬೆರಳು, ಮೊಣಕೈ, ಕುತ್ತಿಗೆ. ತೊನ್ನು. ಅಂಟುವ ರೋಗವಲ್ಲ, ನೋವಿಲ್ಲ, ತುರಿಕೆಯಿಲ್ಲ. ಅಪ್ಪ ಮರಿಯಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್. "ಇನ್ನೊಂದಷ್ಟು ವರ್ಷಕ್ಕೆ ನಿಮ್ಮವ್ವ ಪೂರ್ತಿ ದೊರೆಸಾನಿ ಆಯ್ತಾಳೆ ಕಣ್ರೋ" ಎಂದು ಅವನು ರೇಗಿಸಿದರೆ ಅವ್ವ ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಬುದ್ಧನ ಫೋಟೊ ಕೆಳಗೆ, ಅದು ನಗುವ ವಿಷಯವಾಗಿತ್ತು. ಊರಿನಲ್ಲಿ ಆಗಿರಲಿಲ್ಲ.

ನಾವು ಚಿಕ್ಕವರಿದ್ದಾಗ ಒಂದು ವರ್ಷ ಮುಂಗಾರು ತಡವಾಗಿತ್ತು. ರಜೆಗೆ ಊರಿಗೆ ಹೋಗಿದ್ದೆವು. ಅವ್ವ ಬಾವಿಗೆ ಬಿಂದಿಗೆ ಇಳಿಬಿಟ್ಟಳು. "ಇವಳು ನೀರು ಮುಟ್ಟಿದ್ದಕ್ಕೇ ಮೋಡ ಓಡೋಗ್ತಾ ಅವೆ" ಎಂದು ಒಬ್ಬಳು ಅಂದಳು, ಇನ್ನೊಬ್ಬಳು ಕಲ್ಲು ಬೀಸಿದಳು. ಕಲ್ಲು ಅವ್ವನಿಗೆ ತಾಗದೆ ಅಕ್ಕನ ಹಣೆಗೆ ಬಡಿಯಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅಕ್ಕ ಅಳಲಿಲ್ಲ. "ಅವ್ವ, ನೀನು ಬಾವಿ ಮುಟ್ಟಿದ್ದು ಮೋಡಕ್ಕೆ ಹೆಂಗೆ ಗೊತ್ತಾಯ್ತದೆ?" ಎಂದು ಕೇಳಿದಳು. ಅವ್ವ ಸೆರಗು ಹರಿದು ಹಣೆಗೆ ಕಟ್ಟುತ್ತಾ, "ಓದು ನೀನು, ಓದಿ ನಂಗೂ ಹೇಳು" ಅಂದಳು. ಆ ಒಂದು ಪ್ರಶ್ನೆ ಹಿಡಿದುಕೊಂಡು ಅಕ್ಕ ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡಿದಳು, ಪುಣೆಗೆ ಹೋಗಿ ಪಿಎಚ್.ಡಿ. ಮಾಡಿ ಡಾಕ್ಟರಾದಳು, ಮದುವೆ ಗೊಡವೆಗೂ ಹೋಗಲಿಲ್ಲ. ಹಣೆಯ ಗಾಯದ ಗುರುತು ಹಾಗೇ ಉಳಿಯಿತು.

ತೊಂಬತ್ತರ ದಶಕದಲ್ಲಿ ಅವಳ ವಿದ್ಯೆಯಲ್ಲಿ ಒಂದು ಮಡಿ ಇತ್ತು. ಭೂಮಿ ಬಿಸಿಯಾಗುತ್ತಿದೆ ಅನ್ನಬಹುದು, ದೊಡ್ಡ ಮಳೆಗಳು ಹೆಚ್ಚುತ್ತಿವೆ ಅನ್ನಬಹುದು, ಆದರೆ ಇದೇ ಮಳೆ, ಇದೇ ಬರ ಅದರಿಂದ ಬಂತು ಎಂದು ಮಾತ್ರ ಬಾಯಿ ಬಿಡಬಾರದು. ಅಂದವರು ವಿಜ್ಞಾನಿಗಳೇ ಅಲ್ಲ. ಅಕ್ಕನಿಗೆ ಇದು ಒಳಗೊಳಗೇ ಕುದಿಯುತ್ತಿತ್ತು. ರಜೆಗೆ ಬಂದಾಗ, "ಮನೆ ಬಿದ್ದೋರು ಬಂದು ನನ್ನ ಮನೆ ಯಾಕೆ ಬಿತ್ತು ಅಂತ ಕೇಳ್ತಾರೆ ಕಣೋ, ನಾವು ಜಗತ್ತಿನ ಎಲ್ಲಾ ಮನೆ ಬಗ್ಗೆ ಭಾಷಣ ಮಾಡ್ತೀವಿ" ಎಂದು ಉರಿದುಬೀಳುತ್ತಿದ್ದಳು. ಹಾಗೆ ಉರಿದುಬಿದ್ದರೂ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಅವಳು ಯಾವತ್ತೂ ಹೇಳಿದವಳಲ್ಲ.

ಅವ್ವ ತೀರಿಕೊಂಡದ್ದು ಎರಡು ಸಾವಿರದ ಮೂರರ ಸಂಕ್ರಾಂತಿ ಆಸುಪಾಸಿನಲ್ಲಿ. ಅಪ್ಪ ಮೊದಲೇ ಹೋಗಿದ್ದ, ಊರಿನ ಕೆರೆಯಂಚಿನ ಹೊಂಗೆ ಮರದಡಿ ಮಲಗಿದ್ದ. ಅವ್ವನದು ಒಂದೇ ಆಸೆ. "ನನ್ನ ನಿಮ್ಮಪ್ಪನ ಮಗ್ಗುಲಿಗೆ ಹಾಕ್ರಪ್ಪ. ಸುಡಬ್ಯಾಡಿ. ನಂಗೆ ಬೆಂಕಿ ಅಂದ್ರೆ ಭಯ." ಊರವರು ಗೊಣಗಿದರು. ತೊನ್ನಿನವರನ್ನು ಹೂತರೆ ಮಳೆ ನಿಲ್ಲುತ್ತದೆ, ಸುಡಬೇಕು ಅನ್ನುವುದು ಅಲ್ಲಿಯ ನಂಬಿಕೆ. ಆವತ್ತು ಎದೆ ಕೊಟ್ಟು ನಿಂತವನು ಅವ್ವನ ತಮ್ಮ, ಅದೇ ಊರಿನಲ್ಲಿದ್ದ ನಮ್ಮ ಸೋದರಮಾವ ಹೊನ್ನಯ್ಯ. "ನಮ್ಮಕ್ಕ ಹೇಳಿದಂಗೆ ಆಗಬೇಕು, ಅಡ್ಡ ಬಂದೋನ ಕಾಲು ಮುರಿತೀನಿ" ಅಂದ. ಅವನೇ ಗುಂಡಿಗಿಳಿದು ತಲೆ ಹಿಡಿದು ಮಲಗಿಸಿದ. ತವರಿನ ಸೀರೆ ಹೊದಿಸಿ ಮಗುವಿನ ಹಾಗೆ ಅತ್ತ.

ಆ ಮುಂಗಾರೂ ಕೈಕೊಟ್ಟಿತು. ಅದಕ್ಕೆ ಹಿಂದಿನ ಎರಡು ವರ್ಷವೂ ಮಳೆಯಿರಲಿಲ್ಲ, ಆಗ ಅವ್ವ ಬದುಕಿದ್ದಳು, ಆದರೆ ಅದನ್ನು ಯಾರು ಕೇಳುತ್ತಾರೆ. ಹಳೇಬೀಡಿನ ದೊಡ್ಡ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ರಾಗಿ ಮೊಣಕಾಲುದ್ದಕ್ಕೆ ನಿಂತು ಸುಟ್ಟುಹೋಯಿತು, ತೆಂಗಿನ ಮರಗಳ ಸುಳಿ ಜೋತುಬಿತ್ತು. ಉತ್ತರೆ ಮಳೆಯೂ ಬಾರದೆ ಹೋದಾಗ ಊರು ಹೊಂಗೆ ಮರದ ಕಡೆ ತಿರುಗಿತು.

ಹೂತ ಹೆಣ ತೆಗೆಯುವುದಕ್ಕೂ ಅಲ್ಲಿ ಒಂದು ಕಟ್ಟುಪಾಡಿದೆ. ಮೊದಲ ಗುದ್ದಲಿ ರಕ್ತಸಂಬಂಧದವರದೇ ಬೀಳಬೇಕು. ಸತ್ತವಳು ಹೆಂಗಸಾದರೆ ತವರಿನ ಅಣ್ಣತಮ್ಮಂದಿರದು, ಗಂಡಸಾದರೆ ಅಕ್ಕತಂಗಿಯರ ಗಂಡುಮಕ್ಕಳದು. ಬೇರೆಯವರು ಅಗೆದರೆ ಅವರ ಮನೆ ನಾಶ. ಒಂದು ಗುದ್ದಲಿ ಬಿದ್ದರೆ ಸಾಕು, ಆಮೇಲೆ ಊರೆಲ್ಲ ಅಗೆಯಬಹುದು. ಹಾಗಾಗಿ ಅವ್ವನ ಮಣ್ಣು ಉಳಿಯುವುದೂ ಬಿಡುವುದೂ ಹೊನ್ನಯ್ಯ ಮಾವನ ಕೈಯಲ್ಲಿತ್ತು. ಅವನು ಒಪ್ಪಲಿಲ್ಲ. ಅವನ ಮನೆಯ ಹೆಂಚು ಪುಡಿಯಾದವು, ಹಸುವಿನ ಬಾಲ ಕತ್ತರಿಸಿದರು, ಡೈರಿಯಲ್ಲಿ ಅವನ ಹಾಲು ಚೆಲ್ಲಿದರು. ಒಂದು ದಿನ ಅವನನ್ನೇ ತೋಟದ ಬೇಲಿಗೆ ಒತ್ತಿ ಹಿಡಿದು ಬಡಿದರು. ಮುಖ ಊದಿಕೊಂಡು ಅರಸೀಕೆರೆಗೆ ಬಂದ ಮಾವನನ್ನು ನೋಡಿ ನಾನು ಪುಣೆಗೆ ಫೋನ್ ಮಾಡಿದೆ, ಅಕ್ಕ ರೈಲು ಹತ್ತಿದಳು.

ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಊರಿನ ಪರವಾಗಿ ಮಾತಾಡಿದವನು ಹುಚ್ಚಣ್ಣ, ಟ್ರ್ಯಾಕ್ಟರ್ ಇಟ್ಟವನು, ದನಿಯೂ ಟ್ರ್ಯಾಕ್ಟರಿನದೇ. ಅಕ್ಕ ನಿಂತುಕೊಂಡೇ ಮಾತಾಡಿದಳು.

"ನೀವೆಲ್ಲ ಚೌಕಾಬಾರ ಆಡ್ತೀರಲ್ಲ. ಯಾವನೋ ಕವಡೆ ಒಳಕ್ಕೆ ಅರಗು ತುಂಬಿ ತಂದವ್ನೆ ಅಂತ ಇಟ್ಕಳಿ. ಅವನಿಗೆ ಬೇಕಾದ ಗರ ಜಾಸ್ತಿ ಸಲ ಬೀಳ್ತದೆ. ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗೆನೂ ಹಂಗೇ. ಆ ಹೊಗೆಗೆ ಭೂಮಿ ಬಿಸಿಯಾಗಿ, ಬರ, ದೊಡ್ಡ ಮಳೆ ಎಲ್ಲಾ ಜಾಸ್ತಿ ಸಲ ಬೀಳೋ ಹಂಗೆ ಆಗ್ತಾ ಐತೆ. ಮಣ್ಣಲ್ಲಿ ಮಲಗಿರೋ ಹೆಂಗಸು ಮಳೆ ನಿಲ್ಲಿಸಕ್ಕಾಗಲ್ಲ."

ಹುಚ್ಚಣ್ಣ ತಲೆದೂಗಿದ. "ಸರಿ ಕಣವ್ವ. ಹಂಗಾರೆ ಈ ಸಲದ್ದು ಅರಗಿನ ಗರಾನೇ ಅಂತ ನಿಮ್ಮವ್ವನ ಮೇಲೆ ಆಣೆ ಇಟ್ಟು ಹೇಳು. ನಾವು ಮನೆಗೋಯ್ತೀವಿ."

ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು. ಹೌದು ಅಂದರೆ ಮುಗಿಯಿತು. ಅಂದುಬಿಡು ಅಕ್ಕ, ಒಂದು ಸುಳ್ಳಿಗೆ ನಿನ್ನ ಗಂಟೇನು ಹೋಗುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಒಂದೇ ಗರ ನೋಡಿ ಹಂಗೆ ಹೇಳಕ್ಕಾಗಲ್ಲ" ಎಂದಳು ಅಕ್ಕ.

"ಅಂದ್ರೆ ಈ ಬರಕ್ಕೆ ಯಾರು ಕಾರಣ ಅಂತ ಇಷ್ಟು ಓದಿರೋ ನಿಂಗೂ ಗೊತ್ತಿಲ್ಲ."

"ಗೊತ್ತಿಲ್ಲ."

"ನಮಗೆ ಗೊತ್ತೈತೆ" ಎಂದು ಹುಚ್ಚಣ್ಣ ಟವೆಲ್ ಕೊಡವಿಕೊಂಡು ಎದ್ದ.

ಮಾರನೆಯ ಬೆಳಿಗ್ಗೆ ಅಕ್ಕ ಹಳೇಬೀಡು ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಿಂದ ತನ್ನ ಸಂಸ್ಥೆಗೆ ಫೋನ್ ಮಾಡಿದಳು. ಹೊರಗೆ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ನೇರ ಈ ಕಡೆಗೇ ಬರುತ್ತಿದೆ, ನಾಳೆ ಸಂಜೆ, ತಪ್ಪಿದರೆ ನಾಡಿದ್ದು ಮಳೆ. ಅದೂ ಸಣ್ಣ ಮಳೆಯಲ್ಲ. "ಮಾವ ಎರಡು ದಿನ ತಡಕಂಡ್ರೆ ಸಾಕು. ಅವ್ವ ಮಣ್ಣಲ್ಲಿರುವಾಗಲೇ ಮಳೆ ಬರ್ತದೆ. ಆಮೇಲೆ ಯಾರೂ ಅವಳ ತಂಟೆಗೆ ಬರಲ್ಲ" ಎಂದಳು.

"ಯಾರಿಗೂ ಹೇಳಬೇಡ" ಅಂದೆ.

"ಮಾವಂಗೆ ಹೇಳ್ದೆ ಇರಕ್ಕಾಗ್ತದೇನೋ. ಅವನು ನಮಗೋಸ್ಕರ ಒದೆ ತಿಂತಾವ್ನೆ."

ಮಾವನ ಹಟ್ಟಿಯಲ್ಲಿ ಕೂತು ಹೇಳಿದಳು. ಅವನು ಊದಿದ ಕಣ್ಣಿನಿಂದ ಅವಳನ್ನೇ ನೋಡುತ್ತಾ, "ಖಂಡಿತಾನಾ ಮಗ?" ಎಂದು ಕೇಳಿದ. ಇನ್ನೊಂದು ಸಲ ಕೇಳಿದ. ಖಂಡಿತ ಎಂದಳು ಅಕ್ಕ. ಆ ಬರದ ವಿಷಯದಲ್ಲಿ ಒಂದು ಖಂಡಿತ ಹೇಳಲಾರದವಳು ಈ ಖಂಡಿತವನ್ನು ಎಷ್ಟು ಖುಷಿಯಿಂದ ಹೇಳಿದಳು. ಮಾವ ನಮಗೆ ಎಳನೀರು ಕೆತ್ತಿಕೊಟ್ಟ. ಊಟ ಮಾಡಿಕೊಂಡು ಹೋಗಿ ಅಂದ.

ಉಂಡು ಕೈ ತೊಳೆಯುವಾಗ ಕೆರೆಯ ಕಡೆಯಿಂದ ತಮಟೆ ಕೇಳಿಸಿತು. ಮಾವ ಮನೆಯಲ್ಲಿರಲಿಲ್ಲ. ಬಾಗಿಲ ಹಿಂದಿನ ಗುದ್ದಲಿಯೂ ಇರಲಿಲ್ಲ.

ನಾವು ಓಡಿದೆವು. ಹೊಂಗೆ ಮರದಡಿ ಗಂಡಸರು ಒತ್ತಾಗಿ ನಿಂತಿದ್ದರು, ಮಧ್ಯೆ ಮಾವ, ಹಣೆಗೆ ಕುಂಕುಮ, ಕೊರಳಲ್ಲಿ ಹಾರ. ಮೊದಲ ಗುದ್ದಲಿ ಆಗಲೇ ಬಿದ್ದಿತ್ತು. ಹಾರೆ, ಪಿಕಾಸಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಯಾಕೆ ಹೀಗೆ ಮಾಡಿದ ಎಂದು ಯೋಚಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಮಳೆ ಹೇಗೂ ಬರುತ್ತದೆ. ತನ್ನ ಕೈಯಿಂದ ಬಂತು ಅಂದರೆ ಬಡಿದ ಊರೇ ಹೊತ್ತು ಮೆರೆಸುತ್ತದೆ. ಅಕ್ಕ ಬರಲಿರುವ ಮಳೆಯನ್ನು ಅವನ ಕೈಗೆ ಕೊಟ್ಟಿದ್ದಳು, ಅವನು ಅದನ್ನು ಊರಿಗೆ ಮಾರಿಕೊಂಡಿದ್ದ.

ನಾನು ಕೈಗೆ ಸಿಕ್ಕವನ ಕುತ್ತಿಗೆ ಹಿಡಿದೆ. ಒಬ್ಬನ ಮೂಗು ನನ್ನ ಮುಷ್ಟಿಯ ಕೆಳಗೆ ಲಟಕ್ಕೆಂದದ್ದು ನೆನಪಿದೆ, ಅದು ನನಗೆ ಹಿತವಾಗಿತ್ತು. ಆಮೇಲೆ ಹಾರೆಯ ಹಿಂಬದಿ ನನ್ನ ದವಡೆಗೆ ಬಿತ್ತು. ಹಲ್ಲುಗಳನ್ನು ಮಣ್ಣಿನೊಂದಿಗೆ ಉಗಿದೆ. ನನ್ನ ಬೆನ್ನ ಮೇಲೆ ಇಬ್ಬರು ಕೂತರು. ಅಲ್ಲಿಂದ ಮುಂದಿನದನ್ನೆಲ್ಲ ನೆಲಕ್ಕೆ ಕೆನ್ನೆಯೂರಿಕೊಂಡೇ ನೋಡಿದೆ.

ಅಕ್ಕ ಗುಂಡಿಗೆ ಹಾರಿದಳು. ಅವ್ವನ ಮೇಲೆ ಬೋರಲು ಬಿದ್ದು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಜಡೆ ಹಿಡಿದು ಎಳೆದರು, ಬರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಒಂದು ಬೆರಳು ಮುರಿದೇ ಬಿಟ್ಟಿತು. ತವರಿನ ಸೀರೆಯ ತುಂಡು ಅವಳ ಕೈಯಲ್ಲಿ ಉಳಿಯಿತು. "ಮಾವ, ನಾಳೆ ಬರ್ತದೆ ಅಂತ ಹೇಳಿದ್ನಲ್ಲ ಮಾವ" ಎಂದು ಅವಳು ಕೂಗುತ್ತಲೇ ಇದ್ದಳು. ಮಾವ ಆ ಕಡೆ ತಿರುಗಿ ನಿಂತಿದ್ದ.

ಟ್ರ್ಯಾಕ್ಟರಿನ ಹಳೇ ಟೈರುಗಳನ್ನು ಹುಚ್ಚಣ್ಣನೇ ತಂದಿದ್ದ. ಸೀಮೆಎಣ್ಣೆ ಸುರಿದರು. ಬೆಂಕಿ ಅಂದರೆ ಭಯಪಡುತ್ತಿದ್ದ ನಮ್ಮವ್ವನನ್ನು ಹಾಡುಹಗಲಲ್ಲಿ, ಟೈರಿನ ಮೇಲೆ, ಶಿಳ್ಳೆ ಹೊಡೆಯುತ್ತಾ ಸುಟ್ಟರು. ಕಪ್ಪು ಹೊಗೆ ಕೆರೆಯ ಮೇಲೆ ಹಾಸಿಕೊಂಡು ಹೋಯಿತು. ಆ ಹೊಗೆಯನ್ನು ನೋಡಿ ಒಬ್ಬ "ಮೋಡ ಆಯ್ತಾ ಐತೆ" ಅಂದ. ಅವನ ನಾಲಿಗೆ ಕೀಳಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮಳೆ ಅಕ್ಕ ಹೇಳಿದಂತೆ ಮಾರನೆಯ ಸಂಜೆ ಬಂತು. ಮಳೆಯಲ್ಲ ಅದು, ಬಡಿತ. ಮೊದಲು ಆಲಿಕಲ್ಲು, ಹೆಂಚುಗಳನ್ನು ತೂತು ಮಾಡಿಕೊಂಡು. ಆಮೇಲೆ ಕೊಡದಿಂದ ಸುರಿದ ಹಾಗೆ ನೀರು. ಮೂರು ವರ್ಷ ಒಣಗಿ ಕಲ್ಲಾಗಿದ್ದ ನೆಲ ಒಂದು ಹನಿಯನ್ನೂ ಕುಡಿಯಲಿಲ್ಲ, ಬಂದದ್ದೆಲ್ಲ ಕೇರಿಗೆ ನುಗ್ಗಿತು. ಹುಚ್ಚಣ್ಣನ ಕೊಟ್ಟಿಗೆಯ ಗೋಡೆ ಕುಸಿದು ಅವನ ಹೆಂಡತಿ ದನಗಳ ಜೊತೆ ಕೆಳಗೆ ಸಿಕ್ಕಿ ಸತ್ತಳು. ಹಾಗಿದ್ದರೂ ಬೆಳಿಗ್ಗೆ ಊರು ಮಾವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಹುಚ್ಚಣ್ಣನೂ ಕೆಸರು ಕಾಲಲ್ಲಿ ಬಂದು ಮಾವನ ಪಾದಕ್ಕೆ ಬಿದ್ದ. ಅವ್ವನ ಬೂದಿ ನೀರಿನಲ್ಲಿ ಎಲ್ಲಿಗೆ ಹೋಯಿತೋ, ಒಂದು ಹಿಡಿಯೂ ಸಿಗಲಿಲ್ಲ. ಕಂಪ್ಲೇಂಟ್ ಕೊಟ್ಟೆವು, ಸಾಕ್ಷಿ ಹೇಳಲು ನರಪಿಳ್ಳೆಯೂ ಬರಲಿಲ್ಲ. ಮಾವ ಮುಂದಿನ ಚುನಾವಣೆಯಲ್ಲಿ ಪಂಚಾಯ್ತಿ ಅಧ್ಯಕ್ಷನಾದ. ಜನ ಅವನನ್ನು ಮಳೆ ಹೊನ್ನಯ್ಯ ಎಂದು ಕರೆಯತೊಡಗಿದರು.

ಅಕ್ಕ ಪುಣೆಗೆ ಹೋದಳು. ಸೊಟ್ಟಗೆ ಕೂಡಿಕೊಂಡ ಬೆರಳಿನಲ್ಲೇ ಕಂಪ್ಯೂಟರ್ ಕುಟ್ಟಿದಳು. ಅಷ್ಟು ಹೊತ್ತಿಗೆ ಹೊರದೇಶದಲ್ಲಿ ಒಂದೊಂದು ಘಟನೆಯನ್ನೇ ಹಿಡಿದು ವಿಚಾರಿಸುವ ದಾರಿ ಕಂಡುಕೊಂಡಿದ್ದರು. ಹೊಗೆಯಿಲ್ಲದ ಭೂಮಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು, ಹೊಗೆಯಿರುವ ನಮ್ಮ ಭೂಮಿಯನ್ನು ಪಕ್ಕದಲ್ಲಿಡುವುದು, ಎರಡರಲ್ಲೂ ಸಾವಿರಾರು ಸಲ ಕವಡೆ ಎಸೆದು ನೋಡುವುದು. ಅಕ್ಕ ಆ ದಾರಿಗೆ ಬಿದ್ದಳು. ಕಾನ್ಫರೆನ್ಸುಗಳಲ್ಲಿ ಹಿರಿಯರು ಹಾಸ್ಯ ಮಾಡಿದರೆ ಎದ್ದುನಿಂತು ಜಗಳವಾಡಿದಳು. ಅವಳು ಹುಡುಕುತ್ತಿದ್ದದ್ದು ಎರಡು ಸಾವಿರದ ಮೂರರ ಆ ಬರಕ್ಕೆ ಕಾರಣರಾದವರನ್ನು ಎಂದು ನನ್ನೊಬ್ಬನಿಗೆ ಗೊತ್ತಿತ್ತು. ಅವ್ವನ ಹೆಸರಿನ ಮೇಲಿರುವ ಆರೋಪ ತೆಗೆದು ಅಪರಾಧಿಯ ಮೇಲೆ ಹಾಕಬೇಕಿತ್ತು ಅವಳಿಗೆ.

ಉತ್ತರ ಬಂದ ವರ್ಷ ರಜೆಗೆ ಬಂದವಳು ಚೀಲ ಇಟ್ಟು ಅಡುಗೆ ಕೆಲಸಕ್ಕೆ ಇಳಿದಳು. ಕೊನೆಗೆ ನಾನೇ ಕೇಳಿದೆ, "ಯಾರಂತೆ?"

"ಯಾರೂ ಅಲ್ಲ ಕಣೋ. ಹೊಗೆ ಇಲ್ಲದ ಭೂಮಿಲೂ ಅಂಥ ಬರ ಅಷ್ಟೇ ಸಲ ಬರ್ತದೆ. ಆದ್ರೆ ಆಮೇಲೆ ಬಂತಲ್ಲ ಆ ಮಳೆ, ಅದರಲ್ಲಿ ನಮ್ಮ ಹೊಗೆದು ದೊಡ್ಡ ಕೈ ಐತೆ."

ಅವಳು ನಕ್ಕಳು. ಅಂಥ ನಗುವನ್ನು ನಾನು ಮತ್ತೆ ನೋಡಲು ಬಯಸುವುದಿಲ್ಲ. ಬರಕ್ಕೆ ಅಪರಾಧಿಯಿಲ್ಲ, ಊರು ಕುಣಿದಾಡಿದ ಮಳೆಗೆ ಮಾತ್ರ ಇದ್ದಾನೆ. ಆ ಪ್ರಬಂಧವನ್ನು ಹಾಗೇ ಪ್ರಕಟಿಸಿದಳು, ಒಂದು ಅಂಕಿ ಅತ್ತಿತ್ತ ಮಾಡಲಿಲ್ಲ. ಅದರಿಂದಲೇ ಅವಳಿಗೆ ಹೆಸರು ಬಂತು.

ಎರಡು ಸಾವಿರದ ಒಂಬತ್ತರ ಬೇಸಗೆಯಲ್ಲಿ ಅಕ್ಕ ನನ್ನ ಮನೆಯಲ್ಲಿದ್ದಾಗ ಮಾವ ಬಂದ. ಸುಡು ಬಿಸಿಲಿನಲ್ಲಿ ತುಂಬು ತೋಳಿನ ಅಂಗಿ, ಕತ್ತಿಗೆ ಮಫ್ಲರ್. ತುಟಿಯನ್ನು ಮುಚ್ಚಿಕೊಳ್ಳಲು ಆಗಿರಲಿಲ್ಲ. ಅವ್ವನಿಗೆ ಶುರುವಾದ ಜಾಗದಲ್ಲೇ ಅವನಿಗೂ ಶುರುವಾಗಿತ್ತು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಎದೆಯಲ್ಲಿ ಏನೋ ಕಾಯಿಲೆ. ನಾನು ಅವನ ಮಫ್ಲರ್ ಹಿಡಿದು ಗೋಡೆಗೆ ಒತ್ತಿದೆ. ಕೊಸರಾಡಲೂ ಇಲ್ಲ ಅವನು.

"ನಾನು ಸತ್ರೆ ನಿಮ್ಮತ್ತೆ ಮಗ್ಗುಲಿಗೆ ಹಾಕ್ರಿ. ಸುಡಬ್ಯಾಡಿ ಮಗ" ಎಂದ.

ನನ್ನ ಕೈ ಇನ್ನಷ್ಟು ಬಿಗಿಯಾಯಿತು. ಅಕ್ಕ ಬಂದು ಬಿಡಿಸಿದಳು, ಕಾಫಿ ಕೊಟ್ಟಳು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಮುಂಗಾರಿನ ಶುರುವಿನಲ್ಲಿ ಅವನು ಸತ್ತ ಸುದ್ದಿ ಬಂದಾಗ ಪುಣೆಯಿಂದ ಬಂದು ಹೊಂಗೆ ಮರದಡಿ ಅತ್ತೆಯ ಮಗ್ಗುಲಿಗೇ ಹೂಳಿಸಿದಳು. ಆ ದಿನ ಮೋಡ ಕವಿದಿತ್ತು, ತುಂತುರು ಬೀಳುತ್ತಿತ್ತು, ಊರಿನವರು ತಕರಾರು ಮಾಡಲಿಲ್ಲ. ನಾನು ಹೋಗಲಿಲ್ಲ.

ತುಂತುರು ಅಷ್ಟಕ್ಕೇ ನಿಂತಿತು. ಆ ವರ್ಷವೂ ಮುಂಗಾರು ಮೋಸ ಮಾಡಿತು. ಸೆಪ್ಟೆಂಬರ್ ಕೊನೆಗೆ ಹುಚ್ಚಣ್ಣ ಹೈಸ್ಕೂಲಿಗೇ ಬಂದು ನನ್ನೆದುರು ಕೈಮುಗಿದು ನಿಂತ.

"ಗಂಡಸಿಗೆ ಅಕ್ಕನ ಮಗನ ಕೈಯೇ ಬೀಳಬೇಕು ಮೇಷ್ಟ್ರೇ. ನಿಮ್ಮವ್ವಂಗೆ ಅವನು ಹಾಕಿದ. ಅವನಿಗೆ ನೀವು ಹಾಕಿ. ಋಣ ತೀರ್ತದೆ."

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಳೆಗೀಳೆಯ ನಂಬಿಕೆ ನನಗೆ ಎಳ್ಳಷ್ಟೂ ಇಲ್ಲ. ಆ ಮನುಷ್ಯನನ್ನು ಟೈರಿನ ಮೇಲೆ ನೋಡಬೇಕಿತ್ತು, ಅಷ್ಟೇ. ಅಕ್ಕನಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ. ಅವಳು "ಹೂಂ" ಎಂದು ಫೋನ್ ಇಟ್ಟಳು.

ಎರಡು ದಿನ ಬಿಟ್ಟು, ಭಾನುವಾರ ಶಾಲೆಗೆ ರಜೆಯಿದ್ದಾಗ, ನಾನು ಊರು ಮುಟ್ಟುವ ಹೊತ್ತಿಗೆ ಅವಳು ಮಾವನ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ರೈಲಿನಲ್ಲಿ ಸುಕ್ಕಾದ ಸೀರೆ, ಪಕ್ಕದಲ್ಲಿ ನೀರಿನ ಬಾಟಲಿ. ಸುತ್ತ ಊರು ನಿಂತಿತ್ತು. ಯಾರೋ ನನ್ನ ಕೈಗೆ ಗುದ್ದಲಿ ಕೊಟ್ಟರು.

"ಏಳಕ್ಕ" ಅಂದೆ.

"ಏಳಲ್ಲ."

"ಯಾರ ಮೇಲೆ ಕೂತಿದ್ದೀಯ ಗೊತ್ತಾ? ನಿನ್ನ ಬೆರಳು ನೋಡ್ಕೋ."

"ದಿನಾ ನೋಡ್ಕೋತೀನಿ. ಅವ್ವನ ಮೇಲೆ ಹಿಂಗೆ ಒಬ್ಬರು ಎರಡು ದಿನ ಕೂತಿದ್ದಿದ್ರೆ ಸಾಕಾಗಿತ್ತು ಕಣೋ. ನಾನು ಮಾವನ ಮನೇಲಿ ಊಟಕ್ಕೆ ಕೂತಿದ್ದೆ."

ನಾನು ಗುದ್ದಲಿ ಎತ್ತಿದೆ. ಅವಳ ಕಾಲಿನ ಪಕ್ಕದಲ್ಲೇ ಹಾಕಬೇಕೆಂದು ಜಾಗ ನೋಡಿದೆ. ಅವಳು ಮೆಲ್ಲಗೆ ಹಿಂದಕ್ಕೆ ಒರಗಿ, ಆ ಮಣ್ಣಿನ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿಕೊಂಡಳು. ಹಣೆಯ ಮೇಲೆ ಬಾವಿಕಟ್ಟೆಯ ಕಲ್ಲಿನ ಗುರುತು. ಕೈಯಲ್ಲಿದ್ದ ಗುದ್ದಲಿ ನನಗೇ ಹೇಸಿಗೆಯಾಯಿತು. ತೆಗೆದು ಕೆರೆಯ ಕಡೆಗೆ ಬೀಸಿ ಒಗೆದೆ.

ಅಲ್ಲಿಂದ ಅವರು ನನ್ನನ್ನು ಬಿಡಲಿಲ್ಲ. ಇನ್ನೊಂದು ಗುದ್ದಲಿ ತಂದರು, ನನ್ನ ಬೆರಳುಗಳನ್ನು ಕಾವಿನ ಸುತ್ತ ಹಿಡಿದು ಹಗ್ಗ ಸುತ್ತಿದರು, ಹುಚ್ಚಣ್ಣ ಹಿಂದಿನಿಂದ ತಬ್ಬಿ ಬಲವಂತವಾಗಿ ನನ್ನ ತೋಳು ಎತ್ತಿಸಿದ. ನಾನು ಎಡಗೈಯನ್ನು ಕೆಳಕ್ಕೆ ಜಗ್ಗಿದೆ, ಅವನು ಮೇಲಕ್ಕೆ ಎಳೆದ. ಭುಜದಲ್ಲಿ ಏನೋ ಹರಿಯಿತು, ಕೋಳಿಯ ಕಾಲು ಮುರಿದಂಥ ಸದ್ದು. ನಾನು ಅರಚಿಕೊಂಡೆ. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡಿದಳು, ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೂ ಎದ್ದೇಳಲಿಲ್ಲ. ಹುಡುಗರು ಕಲ್ಲು ಎಸೆದರು. ಅವಳ ಮೊಣಕಾಲಿಗೆ, ಪಕ್ಕೆಗೆ, ಬಾಯಿಗೆ ಬಿದ್ದವು. ನಾನು ಅವಳ ಮೇಲೆ ಅಡ್ಡ ಬಿದ್ದೆ. ಆಮೇಲೆ ಒದೆತಗಳೆಲ್ಲ ನನಗೇ ಬಂದವು.

ಆಗ ಗಾಳಿ ತಿರುಗಿತು. ಒಣ ಮಣ್ಣಿನ ಮೇಲೆ ಒಂದು ಹನಿ, ಎರಡು ಹನಿ, ಆಮೇಲೆ ಸುರಿಯಿತು. ಒದೆಯುತ್ತಿದ್ದ ಕಾಲುಗಳು ನಿಂತವು. ತೊನ್ನಿನ ಹೆಣ ಮಣ್ಣಲ್ಲೇ ಇತ್ತು, ಮೊದಲ ಗುದ್ದಲಿ ಬಿದ್ದಿರಲಿಲ್ಲ, ಮಳೆ ಬರುತ್ತಿತ್ತು. ಊರು ಬಾಯಿ ತೆರೆದು ನಿಂತು ನೆನೆಯಿತು. ಈಗ ತಿಳಿಯಿತೇನ್ರೋ ಎಂದು ಕೂಗಬೇಕು ಎಂದುಕೊಂಡೆ, ಬಾಯಲ್ಲಿ ರಕ್ತ ತುಂಬಿತ್ತು.

ಹುಚ್ಚಣ್ಣ ಮುಂದೆ ಬಂದ. ಅಕ್ಕನ ಪಾದದ ಬಳಿ ಕೆಸರಿನಲ್ಲಿ ಅಡ್ಡಬಿದ್ದ. "ತಾಯಿ ಕೂತಿದ್ದಕ್ಕೆ ಮಳೆ ಬಂತು ಕಣ್ರಪ್ಪ" ಅಂದ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದರು. ಕಲ್ಲೆಸೆದ ಹುಡುಗರೂ ಬಿದ್ದರು. ಒಬ್ಬ ಹೆಂಗಸು ಅರಿಶಿನ ಕುಂಕುಮದ ಬಟ್ಟಲು ತಂದು, ಅಕ್ಕನ ಒಡೆದ ತುಟಿಯ ರಕ್ತ ಒರೆಸಿ, ಹಣೆಗೆ ಹಚ್ಚಿದಳು.

"ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿತ್ತು" ಎಂದಳು ಅಕ್ಕ. ಮಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಂಡವನು ನಾನೊಬ್ಬ.

ಹುಚ್ಚಣ್ಣನೇ ಒಂದು ಟೆಂಪೋ ಗೊತ್ತು ಮಾಡಿ ನಮ್ಮನ್ನು ಆಸ್ಪತ್ರೆಗೆ ಕಳಿಸಿದ. ಟಾರ್ಪಾಲಿನ ಮೇಲೆ ಮಳೆ ಬಡಿಯುತ್ತಿತ್ತು. ನನ್ನ ತೋಳು ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ತನ್ನ ಸೆರಗಿನಿಂದ ಕಟ್ಟುತ್ತಿದ್ದಳು, ಅವ್ವ ಕಟ್ಟಿದ ಹಾಗೆ.

"ನಿಂಗೆ ಮೊದ್ಲೇ ಗೊತ್ತಿತ್ತಾ, ಇವತ್ತು ಮಳೆ ಬರ್ತದೆ ಅಂತ?" ಎಂದು ಕೇಳಿದೆ.

"ಗೊತ್ತಿತ್ತು. ನೀನು ಫೋನ್ ಮಾಡಿದಾಗ್ಲೇ ಗೊತ್ತಿತ್ತು."

"ಒಂದು ಮಾತು ನಂಗೆ ಹೇಳೋಕೆ ಆಗಲಿಲ್ವಾ? ಕೈ ಮುರಿಯೋವರೆಗೂ ಸುಮ್ನೆ ನೋಡ್ತಾ ಮಲಗಿದ್ದೆಯಲ್ಲ. ನಾನು ನಿನ್ನ ತಮ್ಮ ಕಣೇ."

ಅವಳು ಸೆರಗಿನ ಗಂಟು ಬಿಗಿ ಮಾಡಿದಳು. "ಹೊನ್ನಯ್ಯನೂ ಅವ್ವನ ತಮ್ಮ" ಎಂದಳು. "ಹೇಳಿದ್ರೆ ನಾನು ರೈಲು ಇಳಿಯೋ ಮೊದ್ಲೇ ನೀನು ಬಂದು ಅಗೆದುಬಿಡ್ತಿದ್ದೆ."

ಇಲ್ಲ ಎನ್ನಲು ಬಾಯಿ ತೆರೆದೆ. ಮಳೆ ಬರುತ್ತದೆ ಎಂದು ಗೊತ್ತಿದ್ದರೆ, ಮಳೆ ಬಂದಮೇಲೆ ಆ ಮನುಷ್ಯನನ್ನು ಸುಡುವ ಅವಕಾಶ ಇನ್ನೆಂದೂ ಸಿಗುವುದಿಲ್ಲ ಎಂದು ಗೊತ್ತಿದ್ದರೆ, ನಾನು ಬಸ್ಸಿಗೂ ಕಾಯದೆ ಓಡಿಬರುತ್ತಿದ್ದೆ. ಅಕ್ಕ ಮನುಷ್ಯರ ಲೆಕ್ಕದಲ್ಲಿ ತಪ್ಪಿದ್ದು ಒಂದೇ ಸಲ, ಮಾವನ ವಿಷಯದಲ್ಲಿ. ನನ್ನ ವಿಷಯದಲ್ಲಿ ತಪ್ಪಿರಲಿಲ್ಲ.